ಮಗನ ಮುಂದೆ ತಂದೆಯ ವಿನಯ

ಹಿರಿಯರ ಮುಂದೆ ತಲೆಬಾಗುವುದು ಕಷ್ಟವಲ್ಲ; ಗುರುಗಳ ಮುಂದೆ ಬಾಗುವುದು ರೂಢಿಯಿಂದಲೇ ಬರುತ್ತದೆ. ತಾನು ಸಾಕಿ ಸಲಹಿ ಅಕ್ಷರ ಕಲಿಸಿದ ಮಗುವಿನ ಮುಂದೆ ‘ನಾನು ತಪ್ಪಿದೆ’ ಎನ್ನುವುದು ಮಾತ್ರ ಬಲು ಕಠಿನ. ಆದುದರಿಂದ ವಿನಯದ ನಿಜವಾದ ಪರೀಕ್ಷೆ ನಡೆಯುವುದು ಮಠದಲ್ಲಲ್ಲ, ಮನೆಯಲ್ಲಿ. ಭೃತ್ಯಾಚಾರವನ್ನು ಪಂಚಾಚಾರಗಳಲ್ಲಿ ಒಂದೆಂದು ಎಣಿಸುವ ನಮಗೆ, ಕ್ರೈಸ್ತಧರ್ಮದ ಒಬ್ಬ ತಂದೆ ಈ ಪರೀಕ್ಷೆಗೆ ಒಳಗಾದ ಬಗೆಯು ಮನನೀಯವಾಗಿದೆ.

ಕ್ರೈಸ್ತರ ಈ ವಿಚಾರಕ್ಕೆ ಆಧಾರವು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಸ್ವರ್ಗರಾಜ್ಯದಲ್ಲಿ ದೊಡ್ಡವನು ಯಾರೆಂದು ಶಿಷ್ಯರು ಕೇಳಿದಾಗ ಯೇಸುವು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದನು. ಮಗುವು ಮುಗ್ಧವೆಂಬುದಷ್ಟೇ ಇದರ ತಾತ್ಪರ್ಯವೆಂದು ತಿಳಿಯಲಾಗದು. ಅಂದಿನ ಸಮಾಜದಲ್ಲಿ ಮಗುವಿಗೆ ಪದವಿಯಿರಲಿಲ್ಲ, ಅಧಿಕಾರವಿರಲಿಲ್ಲ. ಮಗುವಿನಂತಾಗುವುದೆಂದರೆ ಹಿರಿತನದ ಹಕ್ಕನ್ನು ಕೆಳಗಿಡುವುದು. ಇಲ್ಲಿಯೇ ತಂದೆಗೆ ಧರ್ಮಸಂಕಟ. ಯಾರನ್ನು ತಿದ್ದುವ ಹೊಣೆ ತನ್ನದೋ ಅವನಿಂದಲೇ ತಾನು ಕಲಿಯಬೇಕು!

ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿದ ಸಂತ ಅಗಸ್ತೀನನು ಈ ಸಂಕಟವನ್ನು ಕಂಡವನು. ವಾಕ್ಚಾತುರ್ಯವನ್ನು ಕಲಿಸಿ ಜೀವಿಸುತ್ತಿದ್ದ ಈ ಪಂಡಿತನಿಗೆ ಯೌವನದಲ್ಲಿ, ವಿಧಿವತ್ತಾದ ವಿವಾಹವಿಲ್ಲದೆ, ಒಬ್ಬ ಮಗನು ಹುಟ್ಟಿದನು. ಮಗನ ಹೆಸರು ಅದೆಯೋದಾತ. ‘ದೇವರು ಕೊಟ್ಟವನು’ ಎಂದು ಅರ್ಥ. ನಮ್ಮಲ್ಲಿಯಾದರೆ ದೇವದತ್ತನೆನ್ನುತ್ತಿದ್ದೆವು. 387ರಲ್ಲಿ ಮಿಲಾನ್ ನಗರದಲ್ಲಿ ತಂದೆ ಮಗ ಇಬ್ಬರೂ ಒಟ್ಟಿಗೆ ದೀಕ್ಷಾಸ್ನಾನ ಪಡೆದರು. ಮೂವತ್ತು ದಾಟಿದ ವಿದ್ವಾಂಸನೂ ಹದಿನೈದರ ಬಾಲಕನೂ ಒಂದೇ ದಿನ ಒಂದೇ ಮೆಟ್ಟಿಲಲ್ಲಿ ನಿಂತರು. ದೇವರ ಮುಂದೆ ಹಿರಿಯನಾರು, ಕಿರಿಯನಾರು?

ಅಗಸ್ತೀನನು ತನ್ನ ‘ಕನ್ಫೆಷನ್ಸ್’ ಎಂಬ ಆತ್ಮನಿವೇದನ ಗ್ರಂಥದಲ್ಲಿ ಮಗನ ಬುದ್ಧಿಯನ್ನು ಕಂಡು ತನಗೆ ಭಯಮಿಶ್ರಿತವಾದ ವಿಸ್ಮಯವಾಗುತ್ತಿತ್ತೆಂದು ಬರೆದಿದ್ದಾನೆ. ಆ ಗುಣಗಳೆಲ್ಲವೂ ದೇವರವು, ತನ್ನ ಪಾಪವೊಂದೇ ಅವನಲ್ಲಿ ತನ್ನ ಪಾಲೆಂದು ಒಪ್ಪಿಕೊಂಡಿದ್ದಾನೆ. ಮಕ್ಕಳು ಕೀರ್ತಿವಂತರಾದರೆ ‘ನಾನು ಬೆಳೆಸಿದೆ’ ಎನ್ನುತ್ತೇವೆ, ದಾರಿ ತಪ್ಪಿದರೆ ‘ಸಹವಾಸದೋಷ’ ಎನ್ನುತ್ತೇವೆ. ಈ ತಂದೆಯ ಲೆಕ್ಕವಾದರೋ ಇದಕ್ಕೆ ತಿರುಗುಮುರುಗು.

389ರ ಸುಮಾರಿಗೆ ಅವನು ‘ದೇ ಮಗಿಸ್ತ್ರೋ’ ಎಂಬ ಸಂವಾದವನ್ನು ರಚಿಸಿದನು. ‘ಗುರುವನ್ನು ಕುರಿತು’ ಎಂಬುದು ಆ ಹೆಸರಿನ ಅರ್ಥ. ಅದರಲ್ಲಿ ಮಾತನಾಡುವವರು ತಂದೆ ಮಗ ಇಬ್ಬರೇ. ಮಗನ ಬಾಯಲ್ಲಿರುವ ವಿಚಾರಗಳು ಹದಿನಾರರ ವಯಸ್ಸಿನ ಅವನವೇ ಹೊರತು ತನ್ನವಲ್ಲವೆಂದು ತಂದೆಯೇ ಸಾಕ್ಷಿ ನುಡಿದಿದ್ದಾನೆ. ಸಂವಾದದ ಸಿದ್ಧಾಂತವಿಷ್ಟು: ಹೊರಗಿನ ಗುರುವಿನ ಮಾತು ಕೇವಲ ಸೂಚನೆ, ಸತ್ಯವನ್ನು ಕಲಿಸುವವನು ಅಂತರಂಗದಲ್ಲಿರುವ ಗುರು, ಅಂದರೆ ಕ್ರಿಸ್ತನು. ಹೀಗೆ, ಮಾತನ್ನೇ ಮಾರಿ ಬದುಕಿದ್ದವನು ಮಗನೆದುರು ಮಾತಿನ ಮಿತಿಯನ್ನು ಒಪ್ಪಿದನು.

‘ತಂದೆಯೇ ಬಾಗಿದರೆ ಮನೆಯಲ್ಲಿ ಶಿಸ್ತು ಉಳಿಯುವುದೆ?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಸಂವಾದದಲ್ಲಿ ತಂದೆಯು ಸುಮ್ಮನೆ ಮಗನಿಗೆ ಮಣಿಯುವುದಿಲ್ಲ. ಪ್ರಶ್ನಿಸುತ್ತಾನೆ, ತಿದ್ದುತ್ತಾನೆ, ಹೇಳಿದ್ದನ್ನು ಮತ್ತೆ ಒಪ್ಪಿಸೆನ್ನುತ್ತಾನೆ. ಅವನು ಬಾಗುವುದು ಇಬ್ಬರಿಗೂ ಮೇಲಿರುವ ಸತ್ಯಕ್ಕೆ. ಎಫೆಸದವರಿಗೆ ಬರೆದ ಪತ್ರವೂ ಮಕ್ಕಳಿಗೆ ವಿಧೇಯತೆಯನ್ನು ಹೇಳಿದ ಬೆನ್ನಲ್ಲೇ, ಮಕ್ಕಳನ್ನು ಕೆರಳಿಸಬೇಡಿರೆಂದು ತಂದೆಗಳನ್ನು ಎಚ್ಚರಿಸುತ್ತದೆ. ತಪ್ಪನ್ನು ಮುಚ್ಚಿಕೊಳ್ಳುವ ತಂದೆಯಿಂದ ಮಗನು ಮುಚ್ಚುವುದನ್ನು ಕಲಿಯುತ್ತಾನೆ. ಒಪ್ಪಿಕೊಳ್ಳುವ ತಂದೆಯಿಂದ ಸತ್ಯವನ್ನು ಕಲಿಯುತ್ತಾನೆ.

ಸಂವಾದವು ಮುಗಿದ ಸ್ವಲ್ಪ ಕಾಲದಲ್ಲಿಯೇ ಮಗನು ತೀರಿಕೊಂಡನು. ತಂದೆಯು 430ರವರೆಗೆ ಬದುಕಿದನು. ದೇವರು ಕೊಟ್ಟವನನ್ನು ದೇವರೇ ಕರೆದುಕೊಂಡಾಗ ಅವನಿಗೆ ಉಳಿದದ್ದು ತಾನು ಕಲಿಸಿದ ಪಾಠದ ಹೆಮ್ಮೆಯಲ್ಲ, ಜೊತೆಯಾಗಿ ಕಲಿತ ನೆನಪು. ಗೃಹಸ್ಥ ಬಂಧುಗಳೇ, ನಮ್ಮ ಮನೆಯ ಮಕ್ಕಳೂ ನಮ್ಮ ಸೊತ್ತಲ್ಲ. ನಮ್ಮಲ್ಲಿ ಇರಿಸಿದ ನ್ಯಾಸ. ಇಂದು ಸಂಜೆ ಮಗುವು ನಮ್ಮ ತಪ್ಪೊಂದನ್ನು ತೋರಿಸಿದರೆ ಗದರುವ ಮುನ್ನ ಒಂದು ಗಳಿಗೆ ತಡೆಯೋಣ. ಮಾತು ಸತ್ಯವಾಗಿದ್ದರೆ, ಅದು ಬಂದ ಬಾಯಿ ಚಿಕ್ಕದೆಂದು ಸತ್ಯವು ಚಿಕ್ಕದಾಗದು.