ಮುಖಕ್ಕೆ ಒಂದು ಕ್ವಿಂಟಲ್ ಜೋಳ



ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ಅಕ್ಕಲಕೋಟೆ ಕಡೆಯ ಒಬ್ಬ ಕಿರಾಣಿ ವ್ಯಾಪಾರಿಗಳು ತಮ್ಮ ಧರ್ಮಪತ್ನಿಯೊಡನೆ ನಮ್ಮ ಮುಂದೆ ಬಂದು ಕುಳಿತರು. ಅಂಗಿಯ ಜೇಬಿನಿಂದ ಹಿಡಿಯೊಳಗೆ ಅಡಗುವಂಥ ಒಂದು ಗಾಜಿನ ಬಾಟಲಿ ತೆಗೆದು ಗದ್ದುಗೆಯ ಮುಂದಿಟ್ಟು, “ಅಪ್ಪಾರ, ಇಕಿಗೆ ನೀವಾದ್ರೂ ನಾಕು ಮಾತು ಹೇಳ್ರಿ. ಇಷ್ಟಕ್ಕ ಮೂರು ಸಾವಿರದ ನಾನೂರು ರೂಪಾಯಿ ಕೊಟ್ಟಾಳ್ರಿ” ಎಂದರು. ಮುಖದ ಸುಕ್ಕು ಅಳಿಸಿ ಹರೆಯ ಮರಳಿಸುವ ಸೀರಮ್ ಎಂದು ಅದರ ಮೇಲಿತ್ತು. ಒಳಗಿದ್ದುದು 30 ಮಿಲಿಲೀಟರ್.

ನಾವು ಬೈಯುತ್ತೇವೆಂದು ಅವರು ಕಾದಿದ್ದರು. ಬೈಯುವುದು ಸುಲಭ. ರೂಪವನ್ನೂ ಅರಮನೆಯನ್ನೂ ತೊರೆದು ನಡೆದ ಅಕ್ಕಮಹಾದೇವಿಯ ಹೆಸರು ತೆಗೆದರೆ ಯಾವ ಹೆಣ್ಣುಮಗಳ ಬಾಯಿಯನ್ನಾದರೂ ಮುಚ್ಚಿಸಬಹುದು. ನಾವು ಆ ದಾರಿಗೆ ಹೋಗದೆ, ಯಾಕೆ ಕೊಂಡಿರಿ ತಾಯಿ, ಎಂದು ಕೇಳಿದೆವು.

“ಲಗ್ನದಾಗ ಒಬ್ಬಾಕಿ ಇವರಿಗೆ, ‘ನಿಮ್ಮ ಅವ್ವನ್ನೂ ಕರಕೊಂಡು ಬಂದೀರಿ, ಛಲೋ ಆತು’ ಅಂದಳ್ರಿ ಅಪ್ಪಾರ. ಇವರು ನಕ್ಕರ್ರಿ.”

ಅಷ್ಟೇ ಮಾತು. ಆ ಯಜಮಾನರ ಮೀಸೆ ಕಾಡಿಗೆಯಷ್ಟು ಕಪ್ಪಗಿತ್ತು. ಅದಕ್ಕೆ ತಿಂಗಳಿಗೆಷ್ಟು ಖರ್ಚೆಂದು ನಾವು ಕೇಳಲಿಲ್ಲ. ತಾಯಂದಿರ ಸಾಲಿನಿಂದ ಯಾರೋ ಕೇಳಿಯೇಬಿಟ್ಟರು. ನಮ್ಮನ್ನೂ ಬಿಡುವುದು ಬೇಡ. ಕಳೆದ ಜಾತ್ರೆಯ ಬ್ಯಾನರಿನಲ್ಲಿ ನಮ್ಮ ಮುಖ ಹದಿನೈದು ವರ್ಷ ಚಿಕ್ಕದಾಗಿತ್ತು. ನಾವು ನೋಡಿದೆವು, ಸುಮ್ಮನಿದ್ದೆವು.

ಇನ್ನು ಮಾಲಿನ ಮಾತು. ನೀವು ವ್ಯಾಪಾರಸ್ಥರು, ಒಕ್ಕಲಿಗರು. ಮಾಲು ನೋಡದೆ ಬೆಲೆ ಕಟ್ಟುವವರಲ್ಲ. ಚರ್ಮದ ಡಾಕ್ಟರರಾದ ಒಬ್ಬ ಭಕ್ತರನ್ನು ಕರೆಸಿ ಬಾಟಲಿ ತೋರಿಸಿದೆವು. ಪೂರಾ ಸುಳ್ಳಲ್ಲ, ಎಂದರು. ಅದರಲ್ಲಿ ರೆಟಿನಾಲ್ ಎಂಬ ಎ ಜೀವಸತ್ವದ ಒಂದು ರೂಪವಿದೆ. ಹಲವು ತಿಂಗಳು ಬಿಡದೆ ಹಚ್ಚಿದರೆ ಸಣ್ಣ ಗೆರೆಗಳು ಕೊಂಚ ತಿಳಿಯಾಗಬಹುದು. ಆಳದ ಸುಕ್ಕು ಹೋಗದು. ಆದರೆ ಚೀಟಿಯಲ್ಲಿ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯುವುದು ರೂಢಿ. ಮೊದಲ ಹೆಸರು ನೀರು. ರೆಟಿನಾಲ್ ಇದ್ದುದು ಬಹಳ ಕೆಳಗೆ. ಹಚ್ಚಿದ ಕೂಡಲೇ ಮುಖ ತುಂಬಿ ಬಂದಂತೆ ಕಾಣುವುದು ನೀರನ್ನು ಹಿಡಿದಿಡುವ ಇನ್ನೊಂದು ಪದಾರ್ಥದಿಂದ; ಅದು ತಾಸುಗಳ ಮಾತು. ಇದೇ ಬಳಗದ ಟ್ರೆಟಿನಾಯಿನ್ ಎಂಬುದು ಇದಕ್ಕಿಂತ ಬಲವಾದದ್ದು. ಅದು ಔಷಧಿ, ಡಾಕ್ಟರರ ಚೀಟಿಯಿಂದಲೇ ಕೊಳ್ಳತಕ್ಕದ್ದು, ಮತ್ತು ಅದರ ಟ್ಯೂಬಿನ ಬೆಲೆ ಈ ಬಾಟಲಿಯ ಹತ್ತರಲ್ಲೊಂದು ಪಾಲಿನಷ್ಟು. ಬಸುರಿಯರು ಎರಡನ್ನೂ ಮುಟ್ಟಬಾರದು.

ಈಗ ತಕ್ಕಡಿ ಹಿಡಿಯಿರಿ. ಬಾಟಲಿ ಬರುವುದು ಎರಡು ತಿಂಗಳು. ವರ್ಷಕ್ಕೆ ಆರು, 20,400 ರೂಪಾಯಿ. 2024-25ರ ಹಂಗಾಮಿಗೆ ಕೇಂದ್ರ ಸರಕಾರ ನಮ್ಮ ಮಾಲದಂಡಿ ಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 3,421. ಒಂದು ಬಾಟಲಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜೋಳ. ಆ ಬೆಲೆಗೆ ಈ ಮಾಲು ಬೇಡವೆಂಬುದೇ ನಮ್ಮ ತೀರ್ಪು. ಸಂತೆಯಲ್ಲಿ ಹೆಸರು ವಿಳಾಸವಿಲ್ಲದೆ ಮಾರುವ ಅಗ್ಗದ ಡಬ್ಬಿಗಳಂತೂ ಬೇಡವೇ ಬೇಡ. ಮುಖ ಬೆಳ್ಳಗಾಗಲೆಂದು ಪಾದರಸವಿದ್ದ ಕ್ರೀಮು ಹಚ್ಚಿ ಮೂತ್ರಪಿಂಡ ಕೆಡಿಸಿಕೊಂಡವರ ಸುದ್ದಿ 2023ರಲ್ಲಿ ಕೇರಳದ ಮಲಪ್ಪುರಂನಿಂದ ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆದರೆ ಡಾಕ್ಟರರು ಮತ್ತೊಂದನ್ನು ಕಂಡರು. ಆ ತಾಯಿಯ ಬಲಗೆನ್ನೆಯಲ್ಲಿ ಎಡಗೆನ್ನೆಗಿಂತ ಸುಕ್ಕು ಹೆಚ್ಚು. ನೀವು ಕೂಡುವುದೆಲ್ಲಿ ತಾಯಿ, ಎಂದು ಕೇಳಿದರು. ಯಜಮಾನರು ಅಡತಿಗೆ ಹೋದಮೇಲೆ ಮಧ್ಯಾಹ್ನದಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವರು ಅವರೇ. ಬಲಕ್ಕೆ ಪಡುವಣದ ಬಾಗಿಲು. ಇಪ್ಪತ್ತೆರಡು ವರ್ಷದ ಇಳಿಬಿಸಿಲು ಒಂದೇ ಕೆನ್ನೆಯ ಮೇಲೆ ಬಿದ್ದಿದೆ. ಅಮೇರಿಕದಲ್ಲಿ 28 ವರ್ಷ ಟ್ರಕ್ಕು ಹೊಡೆದ ಒಬ್ಬ ಮುದುಕರ ಎಡಗೆನ್ನೆ ಮಾತ್ರ ಜೋತುಬಿದ್ದ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತಂತೆ. ಕಿಟಕಿಯ ಗಾಜು ದಾಟಿ ಬರುವ ಬಿಸಿಲಿನ ಕಿರಣಗಳ ಕೆಲಸ. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಿಸಿಲು ತಡೆಯುವ ಕ್ರೀಮನ್ನು ದಿನಾ ಹಚ್ಚಿದವರ ಚರ್ಮ ಮುಪ್ಪಾದುದು ಉಳಿದವರಿಗಿಂತ ಶೇಕಡಾ 24ರಷ್ಟು ಕಡಿಮೆ. ನಮ್ಮ ಅವ್ವಂದಿರು ಹೊಲಕ್ಕೆ ಹೋಗುವಾಗ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿದ್ದುದು ಬರೀ ಮರ್ಯಾದೆಗಲ್ಲ.

ಅಂದರೆ ಆ ಸುಕ್ಕು ಕಾಯಕದ್ದು. ಅದೂ ಆ ಮನೆಯ ಕಾಯಕದ್ದು. ಅದನ್ನೇ ನೋಡಿ ಮನೆಯವರು ನಕ್ಕಿದ್ದರು.

“ನನ್ನ ರೊಕ್ಕರಿ ಅಪ್ಪಾರ” ಎಂದು ಯಜಮಾನರು ಆಗಲೇ ಎರಡು ಸಲ ಅಂದಿದ್ದರು. ಅಂಗಡಿಯ ಗಳಿಕೆ ಒಬ್ಬರ ಕಾಯಕವಲ್ಲವೆಂದು ಅವರಿಗೆ ಹೇಳಬೇಕಾಯಿತು. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ದಿನ, ಇಷ್ಟು ನಮಗೆ ಬೇಡ, ತಂದಲ್ಲೇ ಸುರಿದು ಬನ್ನಿರೆಂದವರು ಪತ್ನಿ ಲಕ್ಕಮ್ಮನವರು. ಆ ಮನೆಯಲ್ಲಿ ಬೇಕು ಬೇಡಗಳ ತಕ್ಕಡಿ ಆ ತಾಯಿಯ ಕೈಯಲ್ಲಿತ್ತು. ಶರಣರು ಕಾಯವನ್ನು ಹಳಿದವರೂ ಅಲ್ಲ. ಮುಪ್ಪು ಬರುವ ಮುನ್ನ ಪೂಜೆಗೆ ತೊಡಗಿರೆಂದು ಬಸವಣ್ಣನವರು ಎಚ್ಚರಿಸಿದರೇ ಹೊರತು ಮುಪ್ಪು ಅವಮಾನವೆಂದು ಹೇಳಲಿಲ್ಲ.

ಬಾಟಲಿ ತೆಗೆದುಕೊಳ್ಳಲು ಆ ತಾಯಿ ಕೈ ಚಾಚಿದರು. ಬೆರಳಿನ ಗಿಣ್ಣುಗಳು ಒಡೆದಿದ್ದವು. ದಿನಾ ಮುಂಜಾನೆ ಲಿಂಗ ಕೂಡುವುದು ಅದೇ ಅಂಗೈಯಲ್ಲಿ. ಆ ಕೈಯ ಒರಟನ್ನು ಯಾವ ಲಗ್ನದಲ್ಲೂ ಯಾರೂ ಆಡಿಕೊಂಡಿಲ್ಲ.

“ರೊಕ್ಕಾ ಕೊಟ್ಟದ್ದ ಆಗೇತ್ರಿ ಅಪ್ಪಾರ, ಇದನ್ನ ಮುಗಸ್ತೀನಿ. ಎರಡನೇದು ತರೂದಿಲ್ರಿ” ಎಂದರು. ಯಜಮಾನರು ಏನನ್ನೂ ಹೇಳದೆ ಪ್ರಸಾದಕ್ಕೆ ಎದ್ದರು.

ಹದಿನೈದು ದಿನದ ಮೇಲೆ ನಮ್ಮ ಮಠದ ಮರಿಗಳು ಆ ಊರಿಗೆ ಹೋಗಿ ಬಂದರು. ಅಂಗಡಿಯ ಪಡುವಣ ಬಾಗಿಲಿಗೆ ತಾಡಪತ್ರಿ ಇಳಿಸಿದ್ದಾರಂತೆ. ಮೂರು ಗಂಟೆಯ ನಂತರ ಗಲ್ಲಾಪೆಟ್ಟಿಗೆಯ ಮುಂದೆ ಈಗ ಯಜಮಾನರೇ ಕೂಡುತ್ತಾರಂತೆ. ಮೀಸೆ ಮಾತ್ರ ಇನ್ನೂ ಕಪ್ಪಗಿದೆಯೆಂದು ಮರಿಗಳು ಹೇಳಿದರು.