ಭಾರವೂ ಗೌರವವೂ

ಭಾರವೆಂಬುದು ಗುಣವೋ ದೋಷವೋ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ನಾವು ದಿನವೂ ಆಡುವ ಮಾತೇ ಈ ವಿಷಯದಲ್ಲಿ ಇಬ್ಬಗೆಯಾಗಿದೆ. ಸಂಸಾರಭಾರ, ಸಾಲದ ಭಾರ ಎನ್ನುವಾಗ ಭಾರವು ಇಳಿಸತಕ್ಕ ವಸ್ತು. ಆದರೆ ಗುರು ಎಂಬ ಶಬ್ದಕ್ಕೆ ತೂಕವುಳ್ಳದ್ದು ಎಂಬ ಅರ್ಥವೂ ಉಂಟಷ್ಟೆ. ಗೌರವ, ಗರಿಮೆ ಎಂಬ ಮಾತುಗಳು ಅದರಿಂದಲೇ ಹುಟ್ಟಿದವು. ಲಘು ಎಂದರೆ ಹಗುರ. ಒಬ್ಬನನ್ನು ಲಘುವಾಗಿ ಕಂಡರೆ ಅವನಿಗೆ ಅವಮಾನ. ಕನ್ನಡದಲ್ಲಿಯೂ ತೂಕದ ಮನುಷ್ಯನೆಂದರೆ ಹೊಗಳಿಕೆ, ಹಗುರ ಮಾತೆಂದರೆ ತೆಗಳಿಕೆ. ಹೀಗೆ ಒಂದೇ ವಸ್ತುವನ್ನು ಒಮ್ಮೆ ಇಳಿಸಬೇಕೆಂದೂ ಒಮ್ಮೆ ಗಳಿಸಬೇಕೆಂದೂ ಹೇಳುವ ನಾವು, ಯಾವ ಭಾರ ಹೊರತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬ ವಿವೇಚನೆಯನ್ನು ಮಾಡಲೇಬೇಕಾಗಿದೆ. ಈ ವಿಚಾರಕ್ಕೆ ಹಡಗು ದೋಣಿಗಳಿಗಿಂತ ಉತ್ತಮವಾದ ದೃಷ್ಟಾಂತವು ನನಗೆ ತೋರಲಿಲ್ಲ.

ಸರಕಿಲ್ಲದ ಬರಿಯ ಹಡಗು ಕಡಲಿನಲ್ಲಿ ಸುಖವಾಗಿ ಸಾಗೀತೆಂದು ಕಡಲನ್ನು ಕಾಣದವರು ಭಾವಿಸಬಹುದು. ನಿಜವು ಅದಕ್ಕೆ ವಿರುದ್ಧವಾದುದು. ಬರಿದಾದ ಹಡಗು ನೀರಿನ ಮೇಲೆ ಎತ್ತರವಾಗಿ ತೇಲಿ, ಗಾಳಿಗೆ ಹೊಯ್ದಾಡಿ, ಮಗುಚಿಕೊಳ್ಳುವ ಅಪಾಯಕ್ಕೆ ಒಳಗಾಗುವುದು. ಆದಕಾರಣ ನಾವಿಕರು ಪೂರ್ವದಿಂದಲೂ ಅದರ ತಳದಲ್ಲಿ ಕಲ್ಲನ್ನೋ ಮರಳನ್ನೋ ತುಂಬುತ್ತಿದ್ದರು. ಮಾರುವುದಕ್ಕಲ್ಲ, ಉಣ್ಣುವುದಕ್ಕಲ್ಲ, ನೆಟ್ಟಗೆ ನಿಲ್ಲುವುದಕ್ಕಾಗಿಯೇ ಹೊರುವ ಈ ಅಡಿಭಾರಕ್ಕೆ ಬ್ಯಾಲಸ್ಟ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಉಗಿಹಡಗುಗಳು ಬಳಕೆಗೆ ಬಂದ ಮೇಲೆ ಕಲ್ಲಿನ ಬದಲು ನೀರನ್ನೇ ತೊಟ್ಟಿಗಳಿಗೆ ತುಂಬುವ ಪದ್ಧತಿ ಬೆಳೆಯಿತು. ಬೇಕಾದಾಗ ಹೀರಿಕೊಂಡು ಬೇಡವಾದಾಗ ಚೆಲ್ಲಬಹುದಾದ ಭಾರವಿದು.

ಅಡಿಭಾರದ ಮಹಿಮೆಯನ್ನು ಅದರ ಕೊರತೆಯಿಂದ ತಿಳಿಯಬೇಕಾದರೆ ಸ್ವೀಡನ್ ದೇಶದ ವಾಸಾ ಎಂಬ ಯುದ್ಧನೌಕೆಯ ಕಥೆಯನ್ನು ನೋಡಬೇಕು. ದೊರೆ ಗುಸ್ಟಾವಸ್ ಅಡಾಲ್ಫಸನ ಅಪ್ಪಣೆಯಂತೆ ಕಟ್ಟಿದ ಆ ನೌಕೆಯು 1628ನೆಯ ಆಗಸ್ಟ್ 10ರಂದು ಸ್ಟಾಕ್‌ಹೋಂ ಬಂದರಿನಿಂದ ಮೊದಲ ಸಲ ಹೊರಟು, ಒಂದು ಮೈಲಿಯನ್ನೂ ದಾಟದೆ ಮುಳುಗಿತು. ತಳದಲ್ಲಿ ಸುಮಾರು 120 ಟನ್ ಕಲ್ಲು ಇದ್ದಿತು. ಆದರೆ ಮೇಲಣ ಅಂತಸ್ತುಗಳೂ ಫಿರಂಗಿಗಳೂ ಅದಕ್ಕೆ ಮಿಗಿಲಾಗಿದ್ದುವು. ಇನ್ನೂ ಕಲ್ಲನ್ನು ಹಾಕೋಣವೆಂದರೆ ಕೆಳಗಿನ ಫಿರಂಗಿಯ ಕಿಂಡಿಗಳು ನೀರಿನ ಮಟ್ಟಕ್ಕೆ ಇಳಿಯುತ್ತಿದ್ದುವು. ಹೊರಡುವ ಮುಂಚೆ ಮೂವತ್ತು ಮಂದಿಯನ್ನು ಅಟ್ಟದ ಮೇಲೆ ಅಡ್ಡಡ್ಡಲಾಗಿ ಓಡಿಸಿ ಪರೀಕ್ಷೆ ಮಾಡಿದಾಗ ನೌಕೆಯು ಭಯಂಕರವಾಗಿ ವಾಲಿತು. ಪರೀಕ್ಷೆಯನ್ನು ನಿಲ್ಲಿಸಿದರೇ ಹೊರತು ಪ್ರಯಾಣವನ್ನು ನಿಲ್ಲಿಸಲಿಲ್ಲ. ಬಳಿಕ ವಿಚಾರಣೆ ನಡೆಯಿತು. ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸ ಸರಿಯಾಗಿತ್ತೆಂದನು, ಮುಖ್ಯ ಶಿಲ್ಪಿಯು 1627ರಲ್ಲಿಯೇ ತೀರಿಕೊಂಡಿದ್ದನು, ಯಾರಿಗೂ ಶಿಕ್ಷೆಯಾಗಲಿಲ್ಲ. 1961ರಲ್ಲಿ ನೀರಿನಿಂದ ಮೇಲಕ್ಕೆತ್ತಲ್ಪಟ್ಟು, ಈಗ ಅದು ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ತಲೆಭಾರವು ಅಡಿಭಾರವನ್ನು ಮೀರಿದರೆ ಗತಿಯೇನೆಂಬುದಕ್ಕೆ ಬೇರೆ ಭಾಷ್ಯ ಬೇಡ.

ಇಷ್ಟರವರೆಗೆ ಭಾರವು ಸ್ಥೈರ್ಯದ ಸಾಧನವೆಂದೇ ಆಯಿತು. ಆದರೆ ನಮ್ಮ ಕಾಲದಲ್ಲಿ ಇದೇ ಸಾಧನವು ವಿಪರೀತವಾದ ಬೇರೊಂದು ಪ್ರಯೋಜನಕ್ಕೆ ಬಂದಿದೆ. ಅಮೆರಿಕ ಮೊದಲಾದ ದೇಶಗಳ ಸರೋವರಗಳಲ್ಲಿ ವೇಕ್‌ಬೋರ್ಡಿಂಗ್ ಎಂಬ ಒಂದು ಆಟವುಂಟು. ಯಂತ್ರದ ದೋಣಿಯೊಂದು ಮುಂದೆ ಓಡುವುದು. ಆಟಗಾರನು ಕಾಲಿಗೆ ಹಲಗೆಯನ್ನು ಕಟ್ಟಿಕೊಂಡು, ಹಗ್ಗವನ್ನು ಹಿಡಿದು, ದೋಣಿಯ ಹಿಂದೆ ಏಳುವ ಅಲೆಯಿಂದ ಚಿಮ್ಮಿ ಆಕಾಶದಲ್ಲಿ ಲಾಗ ಹಾಕುವನು. ಅಲೆ ದೊಡ್ಡದಾದಷ್ಟೂ ನೆಗೆತ ಎತ್ತರ. ದೋಣಿಯು ನೀರಿನಲ್ಲಿ ಆಳವಾಗಿ ಕುಳಿತಷ್ಟೂ ಅಲೆ ದೊಡ್ಡದು. ಆದಕಾರಣ ದೋಣಿಯ ಒಡೆಯನು ಅದರೊಳಕ್ಕೆ ಕೆರೆಯ ನೀರನ್ನೇ ತುಂಬಿಕೊಳ್ಳುವನು.

ಇದರ ಏರ್ಪಾಡು ಜಾಣತನದಿಂದ ಕೂಡಿದುದು. ದೋಣಿಯ ತಳದಲ್ಲಿ ಒಂದು ರಂಧ್ರವನ್ನು ಕೊರೆದು, ಅದಕ್ಕೆ ಮುಚ್ಚಿ ತೆರೆಯುವ ಕವಾಟವನ್ನು ಭದ್ರವಾಗಿ ಕೂರಿಸುವರು. ಅಲ್ಲಿಂದ ಹೊರಟ ಕೊಳವೆಗಳು ವಿದ್ಯುತ್ ಪಂಪುಗಳ ಮೂಲಕ ಆಸನಗಳ ಕೆಳಗಿರುವ ಚೀಲಗಳಿಗೆ ನೀರನ್ನು ಒಯ್ಯುವುವು. ಚೀಲದೊಳಗಿನ ಗಾಳಿ ಹೊರಹೋಗಲು ಮೇಲ್ಭಾಗದಲ್ಲಿ ಒಂದು ಕೊಳವೆ. ಆಟ ಮುಗಿದ ಮೇಲೆ ನೀರನ್ನು ಹೊರಚೆಲ್ಲಲು ಮತ್ತೊಂದು. ಗುಂಡಿಯನ್ನೊತ್ತಿದರೆ ಕೆಲವು ನಿಮಿಷಗಳಲ್ಲಿ ಸಾವಿರ ಕಿಲೋಗ್ರಾಂ, ಕೆಲವು ದೋಣಿಗಳಲ್ಲಿ ಅದಕ್ಕೂ ಹೆಚ್ಚು ತೂಕ ಬಂದು ಕೂರುವುದು. ಹದಿನಾಲ್ಕು ಹದಿನೈದು ಮಂದಿ ಅದೃಶ್ಯರಾಗಿ ದೋಣಿಯನ್ನು ಹತ್ತಿದಂತೆ. ತನ್ನ ದೋಣಿಗೆ ತಾನೇ ತೂತು ಕೊರೆಯುವ ಈ ಕೆಲಸದಲ್ಲಿ ಕವಾಟವೇ ಪ್ರಾಣ. ಕೊಳವೆಯೊಂದು ಕಳಚಿಕೊಂಡಾಗ ಅದನ್ನು ಮುಚ್ಚಲಾಗದಿದ್ದರೆ, ಆಟಕ್ಕೆ ತಂದ ನೀರೇ ಯಮನಾಗುವುದು.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ನಮ್ಮ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಪೂರ್ಣವಾಗಿ ತುಂಬಿದ ತೊಟ್ಟಿಯು ಕಲ್ಲಿನಂತೆ ಅಲ್ಲಾಡದೆ ಕೂರುವುದು. ಅರೆ ತುಂಬಿದ ತೊಟ್ಟಿಯ ನೀರಾದರೋ ದೋಣಿ ವಾಲಿದ ಕಡೆಗೇ ಓಡಿ, ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸುವುದು. ಅರೆಬರೆ ವಿದ್ಯೆಯೂ ಹೀಗೆಯೇ. ಮನಸ್ಸು ಯಾವ ಕಡೆಗೆ ವಾಲಿತೋ ಆ ಕಡೆಗೇ ತನ್ನ ಯುಕ್ತಿಗಳನ್ನೆಲ್ಲ ಹರಿಸಿಬಿಡುವುದು.

ಇಲ್ಲಿ ಪೂರ್ವಪಕ್ಷವು ಹೀಗೆ ಏಳುವುದು. ದೋಣಿ ತನ್ನದು, ಹಣ ತನ್ನದು, ಭಾರವನ್ನು ಹೊರುವವನೂ ತಾನೇ. ಕೆರೆಯಿಂದ ತೆಗೆದ ನೀರನ್ನು ಕೆರೆಗೇ ಬಿಡುವನು. ಒಂದು ಹನಿಯನ್ನೂ ಕದಿಯುವುದಿಲ್ಲ. ಅಲೆಯೆಂಬುದು ಗಾಳಿಯಿಂದಲೂ ಏಳುವುದು, ಮೀನುಗಾರನ ದೋಣಿಯಿಂದಲೂ ಏಳುವುದು. ಮಕ್ಕಳು ಮನೆಯೊಳಗೆ ಕುಳಿತು ಮೈಗಳ್ಳರಾಗುವುದಕ್ಕಿಂತ ನೀರಿನಲ್ಲಿ ಆಡಿ ಬಿದ್ದು ಏಳುವುದು ಲೇಸಲ್ಲವೆ? ಇಂತಿರಲು ಇದರಲ್ಲಿ ಅಧರ್ಮವೆಲ್ಲಿಂದ ಬಂತು?

ಈ ಪಕ್ಷವು ಸುಲಭವಾಗಿ ತಳ್ಳತಕ್ಕದ್ದಲ್ಲ. ಆಟವು ದೋಷವೆಂದು ನಾನೂ ಹೇಳುವುದಿಲ್ಲ. ಆದರೆ ಭಾರವನ್ನು ಹೊರುವವನು ತಾನೇ ಎಂಬ ಮಾತನ್ನು ಪರೀಕ್ಷಿಸಬೇಕು. ದೋಣಿಯು ಭಾರವನ್ನು ಹೊತ್ತದ್ದು ಅಲೆಗಾಗಿ. ಆ ಅಲೆಯು ದೋಣಿಯಲ್ಲಿ ಉಳಿಯುವುದಿಲ್ಲ, ದಡಕ್ಕೆ ಹೋಗುವುದು. ಅಲೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುವುದೆಂದು ಭೌತಶಾಸ್ತ್ರವು ಹೇಳುತ್ತದೆ. ದಡದ ಮಣ್ಣು ಜರಿಯುವುದು, ಆಳವಿಲ್ಲದ ಕಡೆ ತಳದ ಕೆಸರು ಕದಡುವುದು, ಹುಟ್ಟು ಹಾಕಿಕೊಂಡು ಹೋಗುವ ಸಣ್ಣ ದೋಣಿಯವನು ತತ್ತರಿಸುವನು. ಮಿನೆಸೋಟ ವಿಶ್ವವಿದ್ಯಾನಿಲಯದವರು 2022ರಲ್ಲಿ ಪ್ರಕಟಿಸಿದ ಪರಿಶೋಧನೆಯಂತೆ, ದೊಡ್ಡ ಅಲೆಯನ್ನೆಬ್ಬಿಸಲೆಂದೇ ಕಟ್ಟಿದ ದೋಣಿಯ ಅಲೆಯು, ಸಾಧಾರಣ ದೋಣಿಯ ಅಲೆ 200 ಅಡಿ ದೂರದಲ್ಲಿ ಇರುವಷ್ಟು ತಗ್ಗಬೇಕಾದರೆ 500 ಅಡಿಗಿಂತ ಹೆಚ್ಚು ದೂರ ಸಾಗಬೇಕು. ಅದೇ ದೇಶದ ವರ್ಮಾಂಟ್ ಸಂಸ್ಥಾನವು 2024ರಲ್ಲಿ ಈ ಆಟಗಳನ್ನು ದಡದಿಂದ 500 ಅಡಿ ಆಚೆ, 20 ಅಡಿಗೆ ಕಡಮೆಯಿಲ್ಲದ ಆಳದಲ್ಲಿ ಮಾತ್ರ ಆಡತಕ್ಕದ್ದೆಂದು ನಿಯಮ ಮಾಡಿತು. ಒಡೆಯನು ಹೊತ್ತದ್ದು ನೀರನ್ನು; ಅದರ ಫಲವನ್ನು ಹೊತ್ತವರು ದಡದವರು. ಹೊರುವವನೊಬ್ಬ, ನೋಯುವವನೊಬ್ಬ ಎಂದಾದ ಮೇಲೆ ಅದು ಸ್ವಂತದ ವಿಷಯವಾಗಿ ಉಳಿಯುವುದೆಂತು? ಗಾಳಿಗೆ ಇಚ್ಛೆಯಿಲ್ಲ; ಮೀನುಗಾರನಿಗೆ ಅಲೆಯು ಉದ್ದೇಶವಲ್ಲ. ಇಲ್ಲಿಯಾದರೋ ಅಲೆಯೇ ಉದ್ದೇಶ. ಕರ್ತೃವಿಗೆ ಹೊಣೆಯೂ ಅಷ್ಟೇ ಹೆಚ್ಚು.

ಇನ್ನು ತೆಗೆದ ನೀರನ್ನು ಕೆರೆಗೇ ಬಿಡುವೆವೆಂಬ ಮಾತು. ಯಾವ ಕೆರೆಗೆ ಎಂಬುದು ಪ್ರಶ್ನೆ. ಪಂಪು ಎಷ್ಟು ಹೀರಿದರೂ ಚೀಲದ ಮಡಿಕೆಗಳಲ್ಲಿ ಸ್ವಲ್ಪ ನೀರು ಉಳಿಯುವುದು. ದೋಣಿಯು ಬಂಡಿಯೇರಿ ಮತ್ತೊಂದು ಸರೋವರಕ್ಕೆ ಹೋಗುವುದು. ಜೀಬ್ರಾ ಮಸಲ್ ಎಂಬ ಪಟ್ಟೆಗಳುಳ್ಳ ಸಣ್ಣ ಚಿಪ್ಪುಜೀವಿಯು ಕಪ್ಪುಸಮುದ್ರ ಕ್ಯಾಸ್ಪಿಯನ್ ಸಮುದ್ರಗಳ ಪ್ರಾಂತದ್ದು. ಹಡಗುಗಳು ಚೆಲ್ಲಿದ ಬ್ಯಾಲಸ್ಟ್ ನೀರಿನೊಡನೆ ಅದು ಉತ್ತರ ಅಮೆರಿಕವನ್ನು ಸೇರಿತೆಂದು ಪಂಡಿತರು ನಿರ್ಣಯಿಸಿದ್ದಾರೆ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡು, ಮಹಾಸರೋವರಗಳನ್ನು ವ್ಯಾಪಿಸಿ, ಊರುಗಳಿಗೆ ನೀರು ಒಯ್ಯುವ ಕೊಳವೆಗಳನ್ನು ಕಟ್ಟಿಹಾಕಿತು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹಡಗುಗಳ ಅಡಿನೀರನ್ನು ಶುದ್ಧಿಗೊಳಿಸಿ ಬಿಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವು 2004ರಲ್ಲಿ ಸಿದ್ಧವಾಗಿ, 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಸಣ್ಣ ದೋಣಿಯವನಿಗೂ ಧರ್ಮ ಅದೇ: ಕಡ ತಂದ ನೀರನ್ನು ತಂದ ಕಡೆಯಲ್ಲಿಯೇ ಪೂರ್ತಿ ಒಪ್ಪಿಸಿ, ದೋಣಿಯನ್ನು ಒಣಗಿಸಿಕೊಂಡು ಮುಂದೆ ಹೋಗಬೇಕು. ನ್ಯಾಸವಾಗಿಟ್ಟ ವಸ್ತುವನ್ನು ಒಡೆಯನಿಗಲ್ಲದೆ ಬೇರೊಬ್ಬನಿಗೆ ಕೊಟ್ಟರೆ ಅದು ಮರಳಿಸಿದಂತಾಗದು.

ಎಷ್ಟು ಭಾರವೆಂಬುದನ್ನು ಯಾರು ನಿಶ್ಚಯಿಸಬೇಕು? ಇದಕ್ಕೂ ಹಡಗಿನ ಇತಿಹಾಸವೇ ಉತ್ತರ ಹೇಳುವುದು. ಇಂಗ್ಲೆಂಡಿನಲ್ಲಿ ಅತಿಭಾರದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದುದನ್ನು ಕಂಡು ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬಾತನು ಹೋರಾಡಿದುದರಿಂದ, ಪ್ರತಿ ಹಡಗಿನ ಪಕ್ಕದಲ್ಲಿಯೂ ಭಾರದ ಮಿತಿಯನ್ನು ತೋರಿಸುವ ಗೆರೆಯಿರಬೇಕೆಂದು 1876ರಲ್ಲಿ ಶಾಸನವಾಯಿತು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಹಡಗಿನ ಒಡೆಯನಿಗೇ ಬಿಟ್ಟಿದ್ದರು. ಅದು ಕಾನೂನಿನಿಂದ ನಿಶ್ಚಿತವಾದದ್ದು 1890ರಲ್ಲಿ. ಲಾಭವನ್ನು ಪಡೆಯುವವನೇ ಮಿತಿಯನ್ನು ಬರೆದುಕೊಂಡರೆ ಅದು ಮಿತಿಯಲ್ಲವೆಂದು ತಿಳಿಯಲು ಆ ಜನಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ತನ್ನ ದೋಣಿಗೆ ಚೀಲದ ಮೇಲೆ ಚೀಲವನ್ನು ಸೇರಿಸುವ ಒಡೆಯನೂ, ಕಟ್ಟಿದವರು ಹಾಕಿದ ಮಿತಿಯನ್ನು ಮರೆತು ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳುವನು.

ಹಾಗಾದರೆ ಸಿದ್ಧಾಂತವೇನು? ಭಾರವು ತನ್ನಷ್ಟಕ್ಕೆ ಗುಣವೂ ಅಲ್ಲ, ದೋಷವೂ ಅಲ್ಲ. ಹೊತ್ತವನನ್ನು ನೆಟ್ಟಗೆ ನಿಲ್ಲಿಸುವುದಾದರೆ ಅದು ಗೌರವ. ಹೊತ್ತವನ ಸುಖಕ್ಕಾಗಿ ದಡದವರನ್ನು ಕೊಚ್ಚುವುದಾದರೆ ಅದು ಬರಿಯ ತೂಕ. ಧನ, ವಿದ್ಯೆ, ಅಧಿಕಾರ, ಕುಲಪ್ರತಿಷ್ಠೆ ಇವೆಲ್ಲವೂ ನಾವು ತುಂಬಿಕೊಂಡ ನೀರೇ. ಮನೆಯಲ್ಲಿ ಮದುವೆಯಾದರೆ ನಮ್ಮ ಐಶ್ವರ್ಯವು ಎಷ್ಟು ಎತ್ತರದ ಅಲೆಯನ್ನು ಎಬ್ಬಿಸಿತೆಂದು ಹಿಗ್ಗುವೆವು. ಅದೇ ಅಲೆ ಪಕ್ಕದ ಮನೆಯ ಬಡ ತಂದೆಯನ್ನು ಹೋಗಿ ಬಡಿದು, ಮಗಳ ಮದುವೆಗೆ ಅವನನ್ನು ಸಾಲಕ್ಕೆ ತಳ್ಳಿದುದನ್ನು ನೋಡುವುದಿಲ್ಲ. ಕೇಳಿದರೆ, ಹಣ ನಮ್ಮದು, ಅವನಿಗೆ ಸಾಲ ಮಾಡೆಂದು ಹೇಳಿದವರಾರು ಎನ್ನುವೆವು. ವಾಸಾ ನೌಕೆಯ ವಿಚಾರಣೆಯಲ್ಲಿಯೂ ಎಲ್ಲರೂ ಹೇಳಿದ್ದು ಇಂತಹ ಮಾತನ್ನೇ. ಯಾರ ತಪ್ಪೂ ಇಲ್ಲದೆ ನೌಕೆ ಮುಳುಗಿತು.

ಆದುದರಿಂದ ಭಾರವುಳ್ಳವರು ಆಳವಾದ ಕಡೆಯಲ್ಲಿ, ದಡದಿಂದ ದೂರವಾಗಿ ನಡೆಯಲಿ. ದಡ ಸಮೀಪಿಸಿದಾಗ ವೇಗವನ್ನು ತಗ್ಗಿಸಲಿ. ತಮ್ಮ ಹಿಂದೆ ಏಳುವ ಅಲೆಯು ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಒಮ್ಮೆ ತಿರುಗಿ ನೋಡುವ ಅಭ್ಯಾಸವನ್ನು ವಾಚಕರು ತಾವೂ ಇಟ್ಟುಕೊಂಡು ಮಕ್ಕಳಿಗೂ ಕಲಿಸುವರೆಂದು ನಂಬಿದ್ದೇನೆ.