ಅತಿಥಿಯ ಹೆಜ್ಜೆಗುರುತು

ದಾಸೋಹದ ಮನೆಯು ಎಣಿಕೆಯಿಲ್ಲದೆ ನಡೆಯುವುದಿಲ್ಲ. ಇಂದು ಎಷ್ಟು ಮಂದಿ ಉಣ್ಣುವರೆಂಬುದನ್ನು ಅರಿತಲ್ಲದೆ ಅಕ್ಕಿಯನ್ನು ಅಳೆದು ಹಾಕಲಾಗದು. ಎಲೆ ಸಾಲದೆ ಹೋದರೆ ಅತಿಥಿಗೆ ಅವಮಾನ. ಅನ್ನವು ಮಿಕ್ಕು ಕೆಟ್ಟರೆ ಪ್ರಸಾದಕ್ಕೆ ಅಪಚಾರ. ಆದುದರಿಂದ ಪಂಕ್ತಿಯನ್ನು ಎಣಿಸುವುದು ದೋಷವಲ್ಲ. ಅದು ಕಾಯಕದ ಒಂದು ಅಂಗವೇ ಆಗಿದೆ. ಆದರೆ ಉಂಡೆದ್ದ ಅತಿಥಿಯು ಯಾವ ದಾರಿ ಹಿಡಿದನು, ಯಾವ ಅಂಗಡಿಯ ಮುಂದೆ ನಿಂತನು, ಯಾವ ವೈದ್ಯನ ಮನೆಯನ್ನು ಹೊಕ್ಕನು ಎಂಬುದನ್ನು ಆಳನ್ನಟ್ಟಿ ತಿಳಿದು, ಆ ವಿವರವನ್ನು ಪೇಟೆಯ ವರ್ತಕನಿಗೆ ಒಪ್ಪಿಸುವವನು ದಾಸೋಹಿಯಾಗಲಾರನು. ಎಣಿಸುವುದು ಬೇರೆ, ಹಿಂಬಾಲಿಸುವುದು ಬೇರೆ.

ಈ ಕಾಲದಲ್ಲಿ ಮಠಗಳು, ವಿದ್ಯಾಸಂಸ್ಥೆಗಳು, ಧರ್ಮಾಸ್ಪತ್ರೆಗಳು, ಸಹಕಾರ ಸಂಘಗಳು, ಸಣ್ಣ ವ್ಯಾಪಾರದ ಗೃಹಸ್ಥರು ಸಹ ತಮ್ಮ ತಮ್ಮ ಜಾಲತಾಣಗಳನ್ನು ತೆರೆದಿರುವರು. ಜಾಲತಾಣವೂ ಒಂದು ಮನೆಯ ಬಾಗಿಲೇ. ಅಲ್ಲಿಗೆ ಬರುವವನೂ ಅತಿಥಿಯೇ. ಮನೆಯ ಅತಿಥಿಗೆ ಸಲ್ಲುವ ಮರ್ಯಾದೆಯು ಅವನಿಗೂ ಸಲ್ಲತಕ್ಕದ್ದು. ಆ ಮರ್ಯಾದೆಗೆ ಭಂಗ ಬರುವ ಸಂದರ್ಭವು ಕುಕಿ ಎಂಬ ಸಾಧನದ ಬಳಕೆಯಲ್ಲಿ ಒದಗುವುದರಿಂದ ಅದರ ಸ್ವರೂಪವನ್ನು ಮೊದಲು ತಿಳಿಯಬೇಕು.

ಜಾಲತಾಣವನ್ನು ಒದಗಿಸುವ ಯಂತ್ರಕ್ಕೆ ಸ್ವಭಾವತಃ ನೆನಪಿಲ್ಲ. ಒಂದು ಪುಟವನ್ನು ಕೇಳಿದವನೇ ಮರುಕ್ಷಣದಲ್ಲಿ ಇನ್ನೊಂದನ್ನು ಕೇಳಿದರೂ ಅದಕ್ಕೆ ಅವನು ಅಪರಿಚಿತನೇ. ಈ ಕೊರತೆಯನ್ನು ನೀಗಲೆಂದು 1994ರಲ್ಲಿ ಅಮೆರಿಕೆಯ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಎಂಬಾತನು ಒಂದು ಉಪಾಯವನ್ನು ರಚಿಸಿದನು. ತಾಣವು ಒಂದು ಕಿರುಬರಹವನ್ನು ಓದುಗನ ಬ್ರೌಸರಿನಲ್ಲಿ ಇರಿಸುವುದು. ಅವನು ಮರಳಿ ಬಂದಾಗ ಬ್ರೌಸರು ಅದನ್ನು ತೋರಿಸುವುದು. ಗುಡಿಯ ಮುಂದೆ ಪಾದರಕ್ಷೆಯನ್ನು ಒಪ್ಪಿಸಿದವನಿಗೆ ಕೊಡುವ ಬಿಲ್ಲೆಯಂತೆ ಇದು ಉಪಕಾರಿಯೇ ಸರಿ. ಕೊಳ್ಳಲು ಆರಿಸಿದ ವಸ್ತುವು ಬುಟ್ಟಿಯಲ್ಲಿ ಉಳಿಯುವುದೂ, ಒಮ್ಮೆ ಆರಿಸಿದ ಕನ್ನಡವೇ ಮರುದಿನವೂ ತೆರೆಯುವುದೂ ಇದರಿಂದ.

ದೋಷವು ಎಲ್ಲಿ ಹುಟ್ಟುವುದೆಂದರೆ, ಮನೆಯವನು ತನ್ನ ಬಿಲ್ಲೆಯ ಜೊತೆಗೆ ಪರರ ಬಿಲ್ಲೆಯನ್ನೂ ಅತಿಥಿಯ ಜೇಬಿಗೆ ಸೇರಿಸಿದಾಗ. ಜಾಹೀರಾತಿನ ಸಂಸ್ಥೆಯೊಂದು ಸಾವಿರಾರು ತಾಣಗಳಲ್ಲಿ ತನ್ನ ತುಣುಕನ್ನು ಇರಿಸಿದ್ದರೆ, ಓದುಗನು ಯಾವ ಬಾಗಿಲನ್ನು ಹೊಕ್ಕರೂ ಅದೇ ಬಿಲ್ಲೆಯು ಅದೇ ಒಡೆಯನಿಗೆ ಸುದ್ದಿ ಮುಟ್ಟಿಸುವುದು. ಇದು ಎಣಿಕೆಯಲ್ಲ, ಹಿಂಬಾಲಿಕೆ.

ಗೃಹಿಣಿಯೊಬ್ಬಳು ಎದೆಯ ಗಂಟಿನ ಭಯವನ್ನು ಪತಿಗೂ ಹೇಳಲಾರದೆ, ಮನೆಯವರೆಲ್ಲ ಮಲಗಿದ ಮೇಲೆ ಆಸ್ಪತ್ರೆಯೊಂದರ ತಾಣದಲ್ಲಿ ಆ ರೋಗದ ವಿವರವನ್ನು ಓದುವಳೆಂದು ಭಾವಿಸೋಣ. ಆ ತಾಣದಲ್ಲಿ ಪರರ ತುಣುಕು ಅಡಗಿದ್ದರೆ, ಬೆಳಗಾಗುವಷ್ಟರಲ್ಲಿ ಅದೇ ಫೋನಿನಲ್ಲಿ ಆ ರೋಗದ ಔಷಧಿಯ ಜಾಹೀರಾತುಗಳು ಕಾಣಿಸಿಕೊಳ್ಳಬಹುದು. ಮನೆಮಂದಿಗೆಲ್ಲ ಇರುವುದು ಒಂದೇ ಫೋನಾದರೆ ಮಕ್ಕಳ ಕಣ್ಣಿಗೂ ಅವು ಬೀಳುವುವು. ಅವಳು ಬಾಯಿ ಬಿಟ್ಟು ಹೇಳದ ಮಾತನ್ನು ಯಂತ್ರವು ಹೇಳಿತು. ಆಸ್ಪತ್ರೆಯವರಲ್ಲಿ ಕೇಡಿನ ಬುದ್ಧಿ ಇದ್ದಿತೆ? ಇರಲಿಕ್ಕಿಲ್ಲ. ಬೆಲೆಯಿಲ್ಲದೆ ದೊರೆತ ಸಾಧನವನ್ನು ವಿಚಾರಿಸದೆ ಅಳವಡಿಸಿದರು, ಅಷ್ಟೆ. ಆದರೆ ಆ ಬೆಲೆಯನ್ನು ತೆತ್ತವಳು ಅತಿಥಿ.

ತಾಣಕ್ಕೆ ಬಂದವರ ಲೆಕ್ಕವಿಡುವ ವಿದ್ಯೆಗೆ ಅನಲಿಟಿಕ್ಸ್ ಎಂದು ಹೆಸರು. ಗೂಗಲ್ ಸಂಸ್ಥೆಯು 2005ರಿಂದ ಇಂಥ ಸಾಧನವನ್ನು ಬೆಲೆಯಿಲ್ಲದೆ ಕೊಡುತ್ತಿರುವುದರಿಂದ ಇದು ಎಲ್ಲೆಡೆಯೂ ಹಬ್ಬಿದೆ. ಯಾವ ಪುಟವನ್ನು ಜನರು ಓದುವರು, ಯಾವುದು ತೆರೆಯದೆ ಕೆಟ್ಟಿದೆ ಎಂದು ತಿಳಿಯಲು ಲೆಕ್ಕವು ಬೇಕೇ ಬೇಕು. ಆದರೆ ಆ ಲೆಕ್ಕವನ್ನು ಜಾಹೀರಾತಿನೊಡನೆ ಜೋಡಿಸಿದೊಡನೆ ಅದರ ಗುಣವೇ ಬದಲಾಗುವುದು.

‘ನಾವು ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ, ಸಂಖ್ಯೆಯೊಂದನ್ನು ಮಾತ್ರ’ ಎಂದು ಕೆಲವರು ಹೇಳುವರು. ಎಲ್ಲ ಬಾಗಿಲುಗಳಲ್ಲಿಯೂ ಒಬ್ಬನಿಗೆ ಒಂದೇ ಸಂಖ್ಯೆಯಾದರೆ, ಆ ಸಂಖ್ಯೆಯೇ ಅವನ ಹೆಸರಲ್ಲವೆ? ‘ನಾವು ಒಪ್ಪಿಗೆಯನ್ನು ಕೇಳಿಯೇ ಇದ್ದೇವೆ’ ಎಂದು ಮತ್ತೆ ಕೆಲವರು ಹೇಳುವರು. ಒಪ್ಪಿಗೆಯ ಗುಂಡಿಯನ್ನು ಎದುರಿಗೆ ದೊಡ್ಡದಾಗಿ ಇಟ್ಟು ನಿರಾಕರಣೆಯನ್ನು ಮೂರು ಪುಟಗಳ ಹಿಂದೆ ಅಡಗಿಸಿದರೆ, ಅದು ಕೇಳಿದಂತಲ್ಲ, ಕಸಿದಂತೆ. ಮೊದಲೇ ಗುರುತು ಹಾಕಿಟ್ಟ ಚೌಕವು ಒಪ್ಪಿಗೆಯಾಗದೆಂದು ಯೂರೋಪಿನ ಒಕ್ಕೂಟದ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂಬ ಕಾರಣದಿಂದ ಗೂಗಲ್ಲಿಗೆ 15 ಕೋಟಿ ಯೂರೋ, ಫೇಸ್‌ಬುಕ್ಕಿಗೆ 6 ಕೋಟಿ ಯೂರೋ ದಂಡ ವಿಧಿಸಿದುದನ್ನು ಫ್ರಾನ್ಸಿನ ಅಧಿಕಾರಿಗಳು 2022ರ ಜನವರಿಯಲ್ಲಿ ಪ್ರಕಟಿಸಿದರು.

ನಮ್ಮ ದೇಶದಲ್ಲಿಯೂ ಈ ಧರ್ಮಕ್ಕೆ ಆಧಾರವಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಅಧಿನಿಯಮವಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಟವು. ಒಪ್ಪಿಗೆಯು ಬಲವಂತವಿಲ್ಲದೆ, ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಬರಬೇಕು. ವಿವರವನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದಲು ಅವಕಾಶವಿರಬೇಕು. 18 ವರ್ಷ ತುಂಬದ ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದು ಸಾಮಾನ್ಯವಾಗಿ ನಿಷಿದ್ಧ. ಮುಖ್ಯ ಕಟ್ಟಳೆಗಳು ನಿಯಮ ಹೊರಟ 18 ತಿಂಗಳಿಗೆ ಜಾರಿಗೆ ಬರತಕ್ಕವೆಂದು ಗೊತ್ತಾಗಿದೆ. ಆದರೆ ಸದಾಚಾರಿಯು ದಂಡದ ದಿನಕ್ಕೆ ಕಾಯನು.

ಶರಣರು ಪರಧನವನ್ನು ಮುಟ್ಟಬಾರದೆಂದು ಬೋಧಿಸಿದರು. ಧನವೆಂದರೆ ಹೊನ್ನು ಮಾತ್ರವೆಂದು ತಿಳಿಯಬಾರದು. ಒಬ್ಬನ ಭಯ, ರೋಗ, ಬಯಕೆ, ಸಾಲ, ಇವುಗಳ ಅರಿವೂ ಅವನ ಧನವೇ. ಕೇಳದೆ ತೆಗೆದುಕೊಂಡರೆ ಅದು ಕಳವು. ಕೇಳಿ ಪಡೆದರೂ ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಟ್ಟರೆ ಅದು ಲೋಭ.

ಆದುದರಿಂದ ತಾಣವನ್ನು ನಡೆಸುವ ಸದ್ಭಕ್ತರು ಮೊದಲು ತಾಣವನ್ನು ಕಟ್ಟಿಕೊಟ್ಟವನನ್ನು ಕರೆದು, ಅಲ್ಲಿ ಯಾರ ಯಾರ ತುಣುಕುಗಳಿವೆ ಎಂದು ಪಟ್ಟಿ ಮಾಡಿಸಬೇಕು. ಏತಕ್ಕೆಂದು ಯಾರೂ ಹೇಳಲಾರದುದನ್ನು ತೆಗೆಸಬೇಕು. ಲೆಕ್ಕವು ಬೇಕಾದರೆ ಮಟೋಮೊ ಮೊದಲಾದ ಸಾಧನಗಳನ್ನು ತಮ್ಮದೇ ಯಂತ್ರದಲ್ಲಿ ಇರಿಸಿಕೊಳ್ಳಬಹುದು. ಆಗ ಲೆಕ್ಕವು ಮನೆಯಲ್ಲಿಯೇ ಉಳಿಯುವುದು. ಒಪ್ಪಿಗೆ, ನಿರಾಕರಣೆಗಳ ಎರಡು ಗುಂಡಿಗಳನ್ನು ಒಂದೇ ಗಾತ್ರದಲ್ಲಿ, ತಿಳಿಗನ್ನಡದಲ್ಲಿ, ಒಂದರ ಪಕ್ಕದಲ್ಲಿ ಒಂದನ್ನು ಇಡಬೇಕು. ಕೆಲಸ ಮುಗಿದ ವಿವರವನ್ನು ಅಳಿಸಬೇಕು. ಶಾಲೆಯ ತಾಣದಲ್ಲಿ ಜಾಹೀರಾತಿನ ತುಣುಕಿಗೆ ಎಡೆಯೇ ಇರಬಾರದು.

ಓದುವ ಗೃಹಸ್ಥರಿಗೂ ಒಂದು ಕರ್ತವ್ಯವುಂಟು. ಆಪಲ್ ಸಂಸ್ಥೆಯ ಸಫಾರಿ ಬ್ರೌಸರು 2020ರಿಂದ ಪರರ ಕುಕಿಗಳನ್ನು ತಾನಾಗಿಯೇ ತಡೆಯುತ್ತಿದೆ. ಗೂಗಲ್ಲಿನ ಕ್ರೋಮ್ ಹಾಗೆ ಮಾಡುವೆನೆಂದು ಹೇಳಿ ಕಡೆಗೆ ಕೈಬಿಟ್ಟಿತು. ಅಲ್ಲಿ ಓದುಗನೇ ಸೆಟ್ಟಿಂಗಿಗೆ ಹೋಗಿ ತಡೆಯಬೇಕು. ನಿರಾಕರಣೆಯ ಗುಂಡಿಯನ್ನು ಒತ್ತುವುದರಲ್ಲಿ ಯಾವ ಸಂಕೋಚವೂ ಬೇಡ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಕಲಿಸಿಕೊಡುವುದು ಒಳ್ಳೆಯದು.

ಅರಿವು ಆಚಾರವಾಗಿ ಇಳಿಯದಿದ್ದರೆ ವ್ಯರ್ಥ. ಕಣ್ಣಿಗೆ ಕಾಣುವ ಅತಿಥಿಗೆ ನೀರು ಕೊಟ್ಟು ಉಪಚರಿಸುವ ಮನೆಯವರು, ಕಾಣದೆ ಬಂದು ಹೋಗುವ ಅತಿಥಿಯ ವಿಷಯದಲ್ಲಿಯೂ ಅದೇ ಮನಸ್ಸನ್ನು ತೋರಲಿ. ತಮ್ಮ ಬಾಗಿಲಿಗೆ ಬಂದವನು ಬಂದಂತೆಯೇ ನಿರ್ಭಯನಾಗಿ ಹಿಂದಿರುಗುವಂತೆ ಸದ್ಭಕ್ತರೆಲ್ಲರೂ ನಡೆದುಕೊಳ್ಳಲಿ.